ಯಾರು ಹೇಳಿದ್ದು?

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದ ಒಳಜೇಬಿಗೆ ತುರುಕುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಕೋಣೆಗೆ ಬಂದರು. ಅವರ ಕೈಯಲ್ಲಿ ಗಂಡನ ಕಪ್ಪು ಬೂಟುಗಳಿದ್ದವು, ಒಂದರೊಳಗೆ ಪಾಲಿಶ್ ಬ್ರಷ್ಷು.

"ಸುಡೋದಕ್ಕೆ ಬೂಟು ಬೇಡ ಅಂತ ಚಿತಾಗಾರದವರು ಹೇಳಿದ್ರು," ಎಂದರು. "ಹಾಗಂತ ಅಲ್ಲಿ ತನಕ ಬರಿಗಾಲಲ್ಲಿ ಕಳಿಸೋಕಾಗುತ್ತಾ? ನಿಮಗೆ ಓದೋಕೆ ಏನಾದ್ರೂ ಸಿಕ್ತಾ?"

"ಇನ್ನೂ ಇಲ್ಲ," ಎಂದಳು ನೂರು.

ಸಿಕ್ಕಿದ್ದು ಚೀಲದೊಳಗಿತ್ತು. ಐವತ್ತರ ಹತ್ತಿರ ಬಂದ, ಹೆಸರು ಮಾಡಿದ, ಸಭೆಗಳಲ್ಲಿ ಮಂತ್ರಿಗಳ ಮಾತನ್ನೇ ಅರ್ಧಕ್ಕೆ ತುಂಡರಿಸುವ ಹೆಂಗಸು ಸಾವಿನ ಮನೆಯಲ್ಲಿ ಕಳ್ಳತನ ಮಾಡಿದ್ದಳು. ಅದಕ್ಕೆ ಬೇರೆ ಹೆಸರು ಕೊಟ್ಟರೆ ಅದೂ ಒಂದು ಸುಳ್ಳೇ ಆಗುತ್ತದೆ.

ನೂರು ಎನ್ನುವುದು ಶಾಲೆಯಲ್ಲಿ ಬಿದ್ದ ಅಡ್ಡಹೆಸರು. ಯಾವ ಪರೀಕ್ಷೆ ಬರೆದರೂ ನೂರಕ್ಕೆ ನೂರು, ಅದಕ್ಕೆ. ಅದು ಸಾಮಾನ್ಯ ಶಾಲೆಯೂ ಅಲ್ಲ. ಊರೂರು ಸೋಸಿ ಬುದ್ಧಿವಂತ ಮಕ್ಕಳನ್ನೇ ಆರಿಸಿ ತಂದು ಗಣಿತ, ವಿಜ್ಞಾನ ಅರೆದು ಕುಡಿಸುವ ಶಾಲೆ. ಸುತ್ತಮುತ್ತಲ ಬೀದಿಯವರು ಅದನ್ನು ಜಾಣರ ಶಾಲೆ ಎನ್ನುತ್ತಿದ್ದರು, ಅರ್ಧ ಹೆಮ್ಮೆಯಿಂದ, ಅರ್ಧ ಗೇಲಿಯಿಂದ. ಅಂಥ ಜಾಣರ ನಡುವೆ ನೂರಕ್ಕೆ ನೂರು ತೆಗೆಯುವುದೆಂದರೆ ಹುಡುಗಾಟವಲ್ಲ. ಈಗ ಅವಳು ನಗರದ ಸಂಚಾರ ಯೋಜನೆಯ ಕಚೇರಿಯ ಮುಖ್ಯಸ್ಥೆ. ಯಾವ ರಸ್ತೆ ಅಗಲವಾಗಬೇಕು, ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವುದು ಇನ್ನು ಮೇಲೆ ಬರುವುದೇ ಬೇಡ ಎಂಬುದನ್ನೆಲ್ಲ ಅವಳ ಲೆಕ್ಕದ ವಿಧಾನ ಹೇಳುತ್ತದೆ. ಆ ವಿಧಾನಕ್ಕೆ ಕಳೆದ ವರ್ಷ ಪ್ರಶಸ್ತಿ ಬಂದಾಗ ಪತ್ರಿಕೆಯವರು, ನಿಮ್ಮನ್ನು ರೂಪಿಸಿದವರು ಯಾರು ಎಂದು ಕೇಳಿದ್ದರು. ಗಣಿತದ ಮೇಷ್ಟ್ರ ಹೆಸರು ಹೇಳಿದರೆ ಏನು ವಿಶೇಷ? ಓದುವವರಿಗೆ ಹಿತವಾಗಲಿ ಎಂದು ಹೀಗೆ ಹೇಳಿದ್ದಳು: "ಶಾಲೆಯಲ್ಲಿ ಮಾನವಿಕ ವಿಷಯಗಳ ಮೇಷ್ಟ್ರೊಬ್ಬರಿದ್ದರು. ಏನು ಹೇಳಿದರೂ 'ಯಾರು ಹೇಳಿದ್ದು?' ಅಂತ ಕೇಳುತ್ತಿದ್ದರು. ನನ್ನ ಕೆಲಸಕ್ಕೆ ಅದೇ ಅಡಿಪಾಯ."

ಆ ತುಣುಕು ಈಗ ಅವಳ ಕಣ್ಣೆದುರಿಗೇ ಇತ್ತು. ಮೇಷ್ಟ್ರು ಅದನ್ನು ಕತ್ತರಿಸಿ ಮೇಜಿನ ಮೇಲಿನ ಗೋಡೆಗೆ ನಾಲ್ಕು ಮೂಲೆಗೂ ಟೇಪು ಹಾಕಿ ಅಂಟಿಸಿದ್ದರು. ಅದರ ಬಲದಿಂದಲೇ ಮೊನ್ನೆ ಅವರ ಹೆಂಡತಿ ಫೋನು ಮಾಡಿ, "ವಿದ್ಯಾರ್ಥಿಗಳ ಪರವಾಗಿ ನೀವೇ ನಾಲ್ಕು ಮಾತು ಆಡಬೇಕು. ಬೇಗ ಬಂದ್ರೆ ಅವರ ಪೆಟ್ಟಿಗೆ ಕೊಡ್ತೀನಿ, ನಿಮ್ಮ ಕಾಲದ ಬರಹ ಏನಾದ್ರೂ ಸಿಕ್ಕಿದ್ರೆ ಓದಿ," ಎಂದಿದ್ದರು ಎಂದು ನೂರು ತಿಳಿದಿದ್ದಳು.

ರಟ್ಟಿನ ಪೆಟ್ಟಿಗೆ. ತಳದಲ್ಲಿ, ಎಲ್ಲಕ್ಕಿಂತ ಕೆಳಗೆ, ಟೈಪು ಮಾಡಿದ ಎರಡು ಹಾಳೆ. ಮೇಲೆ 'ಆಡಳಿತ ಮಂಡಳಿಗೆ ಅರ್ಜಿ' ಎಂದಿತ್ತು, ಕೆಳಗೆ 'ಇಂತಿ, ವಿದ್ಯಾರ್ಥಿಗಳು'. ಹೆಸರಿರಲಿಲ್ಲ. ಅದನ್ನು ಟೈಪು ಮಾಡಿದವಳಿಗೆ ಹೆಸರು ಬೇಕಿರಲಿಲ್ಲ.

*

ಕಾರಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಶವದ ಗಾಡಿ ಮುಂದೆ ಹೋಗುತ್ತಿತ್ತು. ಪ್ರತಿ ಕೆಂಪು ದೀಪಕ್ಕೂ ಅದು ನಿಲ್ಲುವುದನ್ನು ನೋಡಿ ನೂರುಗೆ ಒಂಥರಾ ಆಯಿತು. ಆ ದೀಪಗಳ ಸೆಕೆಂಡುಗಳನ್ನು ಹಂಚಿಕೊಟ್ಟವಳು ಅವಳೇ.

"ಪೆಟ್ಟಿಗೆ ತಳದ ತನಕ ನೋಡಿದ್ರಾ?" ಮೇಷ್ಟ್ರ ಹೆಂಡತಿ ಕೇಳಿದರು.

"ನೋಡಿದೆ. ನನ್ನದು ಏನೂ ಇರಲಿಲ್ಲ."

"ಹೌದಾ," ಎಂದು ಅವರು ಕಿಟಕಿಯ ಕಡೆ ತಿರುಗಿದರು. "ಅವರು ಯಾವ ಕಾಗದಾನೂ ಎಸೀತಿರಲಿಲ್ಲ," ಎಂದರು.

ನೂರು ನಾಲಿಗೆ ಕಚ್ಚಿಕೊಂಡಳು. ಚೀಲವನ್ನು ತೊಡೆಯ ಮೇಲಿಂದ ತೆಗೆದು ಕಾಲ ಬಳಿ ಇಟ್ಟಳು, ಅಲ್ಲಿದ್ದರೆ ಅದರ ಭಾರ ಕಡಿಮೆಯಾಗುತ್ತದೆ ಎಂಬಂತೆ.

*

ಜಾಣರ ಶಾಲೆಯ ವೇಳಾಪಟ್ಟಿಯಲ್ಲಿ ಮಾನವಿಕ ವಿಷಯಗಳಿಗೆ ವಾರಕ್ಕೆ ನಾಲ್ಕು ಗಂಟೆ ಕೊಟ್ಟಿದ್ದರು. ಚರಿತ್ರೆ, ಸಾಹಿತ್ಯ, ಒಂದಿಷ್ಟು ವಿಚಾರ. ಮಕ್ಕಳು ಅದನ್ನು 'ಮನುಷ್ಯರ ಪಾಠ' ಎಂದು ಕರೆದು, ಮೇಜಿನ ಕೆಳಗೆ ಗಣಿತದ ಲೆಕ್ಕ ಬಿಡಿಸುತ್ತಿದ್ದರು. ಮೇಷ್ಟ್ರು ಗದರುವ ಜಾತಿಯವರಲ್ಲ. ತೆಳ್ಳಗೆ, ಉದ್ದಕ್ಕೆ, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಕಿತ್ತಳೆ ಇಟ್ಟುಕೊಂಡು ಬರುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ಅದನ್ನು ಸುಲಿದು ಎದುರು ಬೆಂಚಿನವರಿಗೆ ಹಂಚುತ್ತಿದ್ದರು. ಉತ್ತರ ಪತ್ರಿಕೆಯಲ್ಲಿ ತಪ್ಪು ಎಂದು ಎಂದೂ ಬರೆದವರಲ್ಲ. ಆಧಾರವಿಲ್ಲದ ಮಾತು ಕಂಡರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಯಾರು ಹೇಳಿದ್ದು?' ಎಂದು ಬರೆಯುತ್ತಿದ್ದರು. ಅವರ ಅಡ್ಡಹೆಸರೂ ಅದೇ ಆಗಿಹೋಗಿತ್ತು. "ಯಾರ್ಹೇಳಿದ್ದು ಬರ್ತಿದಾರೆ" ಎಂದರೆ ಎಲ್ಲರೂ ಲೆಕ್ಕದ ಪುಸ್ತಕ ಮುಚ್ಚುತ್ತಿದ್ದರು.

ಒಂದು ದಿನ ಅವರು ಹಳೆಯ ಹಡಗೊಂದರ ಪ್ರಯಾಣಿಕರ ಪಟ್ಟಿ ತಂದು ಕರಿಹಲಗೆಗೆ ಸಿಕ್ಕಿಸಿದರು. ಮುಳುಗಿದ ಹಡಗು. ಮೇಲಿನ ಅಂತಸ್ತಿನವರಿಗೆ ಹೆಸರು, ಊರು, ಉದ್ಯೋಗ ಎಲ್ಲ ಇತ್ತು. ಕೊನೆಯಲ್ಲಿ ಒಂದೇ ಸಾಲು: ಕೆಳಗಿನವರು, ಇನ್ನೂರ ಹದಿನಾಲ್ಕು.

"ಇದರಲ್ಲಿ ಏನು ಕಾಣುತ್ತೆ?" ಎಂದು ಕೇಳಿದರು.

ನೂರು ಕೈಯೆತ್ತಿ, "ಒಟ್ಟು ಪ್ರಯಾಣಿಕರಲ್ಲಿ ಶೇಕಡ ಎಪ್ಪತ್ತೊಂದು ಜನ ಕೆಳಗಿನವರು, ಸಾರ್," ಎಂದಳು. ಅಷ್ಟು ಹೊತ್ತಿಗೆ ಬೇರೆಯವರು ಕೂಡಿಸಿಯೂ ಇರಲಿಲ್ಲ.

"ಲೆಕ್ಕ ಸರಿಯಾಗಿದೆ," ಎಂದರು ಮೇಷ್ಟ್ರು. "ಈಗ ಅವರಲ್ಲಿ ಒಬ್ಬರ ಹೆಸರು ಹೇಳು."

ಹೇಳಲಾಗದ್ದನ್ನು ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಇದ್ದ ಪ್ರಶ್ನೆಗೆ ಉತ್ತರ ಕೊಟ್ಟರೆ ಇಲ್ಲದ ಪ್ರಶ್ನೆ ಕೇಳುವುದು ಯಾವ ನ್ಯಾಯ?

ಆ ವಾರವೇ ಅವರು 'ಒಂದು ಗಂಟೆ' ಎಂಬ ಕೆಲಸ ಕೊಟ್ಟರು. ಶಾಲೆಯಲ್ಲಿ ದುಡಿಯುವ ಒಬ್ಬರ ಎದುರಿಗೆ ಒಂದು ಗಂಟೆ ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತರಬೇಕು. ತಮ್ಮದೊಂದು ಮಾತೂ ಸೇರಿಸಬಾರದು. ಅಡುಗೆಯವರು, ಕಾವಲುಗಾರ, ವ್ಯಾನು ಓಡಿಸುವವರು, ಹೀಗೆ ಒಬ್ಬೊಬ್ಬರಿಗೆ ಒಬ್ಬೊಬ್ಬರು. ನೂರುವಿನ ಪಾಲಿಗೆ ಬಂದವರು ಮೂರನೇ ಮಹಡಿ ಗುಡಿಸಿ ಒರೆಸುವ ಹೆಂಗಸು. ಶುಕ್ರವಾರ ನಾಲ್ಕು ಗಂಟೆಗೆ, ಸಾಮಾನಿನ ಕೋಣೆಯಲ್ಲಿ.

ಶನಿವಾರ ಗಣಿತ ಸ್ಪರ್ಧೆ ಇತ್ತು. ನೂರು ಶುಕ್ರವಾರ ನಾಲ್ಕಕ್ಕೆ ಲೆಕ್ಕ ಬಿಡಿಸುತ್ತ ಕೂತಳು. ಹೋಗಿ ಕೇಳುವುದೇನಿದೆ, ಇಂಥವರ ಕತೆ ಗೊತ್ತಿಲ್ಲದ್ದೇ? ಹತ್ತು ನಿಮಿಷದಲ್ಲಿ ಎರಡು ಪುಟ ಗೀಚಿದಳು. 'ನನ್ನ ಗಂಡ ತೀರಿಕೊಂಡು ಐದು ವರ್ಷವಾಯಿತು. ಕಷ್ಟಪಟ್ಟು ಮಕ್ಕಳನ್ನು ಓದಿಸುತ್ತಿದ್ದೇನೆ. ಅವರು ದೊಡ್ಡ ಮನುಷ್ಯರಾದರೆ ಸಾಕು.' ಬರೆದು ಮುಗಿಸಿದಾಗ ತನಗೇ ಸ್ವಲ್ಪ ಗಂಟಲು ಕಟ್ಟಿದ ಹಾಗಾಯಿತು. ಚೆನ್ನಾಗಿ ಬಂದಿದೆ ಎಂದುಕೊಂಡಳು.

ಸೋಮವಾರ ಮೇಷ್ಟ್ರು ಅವಳ ಹಾಳೆ ಹಿಡಿದುಕೊಂಡು ನಿಂತರು. ಮುಖದಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ.

"ಗಂಡ ತೀರಿಕೊಂಡರು ಅಂತ ಯಾರು ಹೇಳಿದ್ದು?"

"ಅವರೇ, ಸಾರ್."

"ಅವರ ಗಂಡ ಬೆಳಿಗ್ಗೆ ಕೆಳಗಡೆ ನಲ್ಲಿ ರಿಪೇರಿ ಮಾಡಿ, ನನ್ನ ಹತ್ತಿರ ಒಂದು ಲೋಟ ಟೀ ಕುಡಿದು ಹೋದರಲ್ಲಮ್ಮ."

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇನ್ನೊಂದು ಸಲ ಹೋಗಿ ಬಾ," ಎಂದು ಹಾಳೆ ಹಿಂದಿರುಗಿಸಿದರು. ಅಂಕದ ಜಾಗ ಖಾಲಿ ಇತ್ತು. ನೂರಕ್ಕೆ ನೂರು ಬಿಟ್ಟು ಬೇರೆ ಕಾಣದ ಹುಡುಗಿಗೆ ನೆಲ ಬಾಯ್ಬಿಟ್ಟು ನುಂಗಬಾರದೆ ಎನಿಸಿತು. ಆದರೆ ಹದಿನಾರು ವರ್ಷದವರಲ್ಲಿ ನಾಚಿಕೆ ನಾಚಿಕೆಯಾಗಿಯೇ ಉಳಿಯುವುದು ಅಪರೂಪ. ಸಂಜೆಯ ಹೊತ್ತಿಗೆ ಅದು ಹಗೆಯಾಗಿತ್ತು, ವಾರ ಕಳೆಯುವುದರೊಳಗೆ ಅರ್ಜಿಯಾಗಿತ್ತು.

ಅರ್ಜಿ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರೆದದ್ದು. ಎಲ್ಲೂ ಸಿಟ್ಟಿಲ್ಲ, ಎಲ್ಲ ತರ್ಕ. ನಾಲ್ಕು ಗಂಟೆಯನ್ನು ವರ್ಷದ ವಾರಗಳಿಂದ ಗುಣಿಸಿ, ಅಷ್ಟರಲ್ಲಿ ಎಷ್ಟು ಲೆಕ್ಕ ಬಿಡಿಸಬಹುದಿತ್ತು ಎಂದು ತೋರಿಸಿತ್ತು. ಎರಡನೇ ಹಾಳೆಯ ನಡುವೆ ಒಂದು ವಾಕ್ಯ: 'ಪ್ರತಿಭಾವಂತರ ಒಂದು ಗಂಟೆಯ ಬೆಲೆ ಸಾಮಾನ್ಯರ ಒಂದು ಗಂಟೆಗಿಂತ ಹೆಚ್ಚು.' ಇಷ್ಟು ಕಟ್ಟುಮಸ್ತಾಗಿ ವಾದ ಕಟ್ಟುವುದನ್ನು ಅವಳು ಕಲಿತದ್ದು ಎಲ್ಲಿ? ಗಣಿತದ ತರಗತಿಯಲ್ಲಂತೂ ಅಲ್ಲ.

ಆಡಳಿತ ಮಂಡಳಿಯವರು ತರಗತಿಗೇ ಬಂದು ಅರ್ಜಿ ಓದಿಸಿದರು. ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಮೇಷ್ಟ್ರನ್ನು ಕೇಳಿದರು. ಅವರು ಹಾಳೆ ತೆಗೆದುಕೊಂಡು, ಕೆಂಪು ಪೆನ್ನಿನಿಂದ ಅಂಚಿನಲ್ಲಿ ಎರಡು ಪದ ಬರೆದು, ತಲೆಯೆತ್ತಿದರು.

"ಚೆನ್ನಾಗಿ ಬರೆದಿದೆ. ನನ್ನದು ಒಂದೇ ಪ್ರಶ್ನೆ. ಯಾರು ಹೇಳಿದ್ದು?"

ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಏಳಲಿಲ್ಲ. ಮೇಷ್ಟ್ರು ಯಾರನ್ನೂ ದಿಟ್ಟಿಸಿ ನೋಡದೆ ಗೋಡೆ ಗಡಿಯಾರದ ಕಡೆ ಮುಖ ಮಾಡಿ ಕಾದರು. ನೂರು ಕಿಟಕಿಯ ಸರಳು ಎಣಿಸುತ್ತಿದ್ದಳು. ಹದಿನೇಳು ಇದ್ದವು. ಆ ಸಂಖ್ಯೆ ಅವಳಿಗೆ ಇವತ್ತಿಗೂ ಮರೆತಿಲ್ಲ.

ಮುಂದಿನ ತಿಂಗಳಿಂದ ಮನುಷ್ಯರ ಪಾಠ ನಿಂತಿತು.

*

ಚಿತಾಗಾರದ ಪಕ್ಕದ ಸಭಾಂಗಣವನ್ನು ಒಬ್ಬೊಬ್ಬರಿಗೆ ನಲವತ್ತು ನಿಮಿಷದ ಲೆಕ್ಕದಲ್ಲಿ ಕೊಡುತ್ತಾರೆ. ಮಡಚುವ ಕುರ್ಚಿಗಳು, ಒಂದು ಮೈಕು, ಗೋಡೆಯಲ್ಲಿ ದೊಡ್ಡ ಗಡಿಯಾರ. ಮುಂದಿನವರು ಆಗಲೇ ಹೊರಗೆ ಬಂದು ನಿಂತಿದ್ದರು. ಮೇಷ್ಟ್ರಿಗಾಗಿ ಬಂದವರು ಐವತ್ತು ಜನರಿರಬಹುದು. ಅವರಲ್ಲಿ ತನ್ನ ತರಗತಿಯವರು ಎಷ್ಟು ಎಂದು ನೂರು ಕಣ್ಣಾಡಿಸಿದಳು. ಒಬ್ಬರೂ ಇರಲಿಲ್ಲ.

ಹಾಗಾದರೆ ಇವರೆಲ್ಲ ಯಾರು? ಪಕ್ಕದಲ್ಲಿ ಕೂತ, ತೋಳಿಗೆ ಹಿಟ್ಟು ಮೆತ್ತಿಕೊಂಡಿದ್ದ ಹೆಂಗಸನ್ನು ಕೇಳಿದಳು.

"ನಾನು ಬೇಕರಿಯವಳು. ಕೆಲಸದ ಮಧ್ಯೆ ಓಡಿ ಬಂದೆ," ಎಂದಳು ಅವಳು. "ನಾವೆಲ್ಲ ತಡದವರು."

"ತಡದವರು ಅಂದ್ರೆ?"

"ಪಾಠ ತೆಗೆದುಹಾಕಿದ ಮೇಲೆ ಮೇಷ್ಟ್ರನ್ನ ಮೆಟ್ಟಿಲ ಕೆಳಗಿನ ಕೋಣೇಲಿ ಕೂರಿಸಿದ್ರಲ್ಲ, ತಡವಾಗಿ ಬಂದೋರಿಗೆ ಚೀಟಿ ಬರೆದುಕೊಡೋಕೆ. ಹನ್ನೆರಡು ವರ್ಷ ಅದೇ ಕೆಲಸ. ರಿಜಿಸ್ಟರಿನಲ್ಲಿ 'ಕಾರಣ' ಅಂತ ಒಂದು ಕಾಲಂ ಇತ್ತು. ಬೇರೆಯವರಾಗಿದ್ರೆ 'ಬಸ್ಸು ತಡ' ಅಂತ ಬರೆದು ಕಳಿಸೋರು. ಇವರು ಕಾರಣ ಕೇಳೋರು. ಕೇಳೋದು ಅಂದ್ರೆ, ಕೇಳೇ ಕೇಳೋರು. ನಮ್ಮಪ್ಪ ಮನೆ ಬಿಟ್ಟು ಹೋದ ವರ್ಷ ನಾನು ವಾರಕ್ಕೆ ಮೂರು ದಿನ ತಡ. ಬೇಕಂತಲೇ." ಅವಳು ಮೂಗೊರೆಸಿಕೊಂಡಳು. "ಜಾಣರ ಶಾಲೇಲಿ ಓದಿ ಬೇಕರಿ ಇಟ್ಟಿದೀಯಾ ಅಂತ ಎಲ್ಲ ಮೂಗು ಮುರಿದ್ರು. ಇವರೊಬ್ಬರು ಮಾತ್ರ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯ, ಮೊದಲು ಏನು ಮಾಡ್ತೀಯ ಅಂತ ಕೇಳಿದ್ರು. ನೀವು ಯಾವ ವರ್ಷದವರು?"

"ನಾನು ಅದಕ್ಕಿಂತ ಮುಂಚಿನವಳು."

"ಓ, ಪಾಠ ಇದ್ದಾಗಿನವರು. ಪುಣ್ಯವಂತರು ಬಿಡಿ," ಎಂದಳು ಬೇಕರಿಯವಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನೂರುಗೆ ಮುಖಕ್ಕೆ ಹೊಡೆದ ಹಾಗಾಯಿತು.

ಅಷ್ಟರಲ್ಲಿ ಮುದುಕ ಮುದುಕಿ ಜೋಡಿಯೊಂದು ಏದುಸಿರು ಬಿಡುತ್ತ ಬಂದು ಮುಂದಿನ ಸಾಲಿನಲ್ಲಿ ಕೂತಿತು. ಮುದುಕಿ ಕೂರುವ ಮುಂಚೆ ಎರಡೂ ಕುರ್ಚಿಯನ್ನು ಅಂಗೈಯಿಂದ ಒರೆಸಿದಳು. ತಿರುಗಿ ನೂರುವನ್ನು ನೋಡಿ, ಕಣ್ಣು ಕಿರಿದು ಮಾಡಿ, ಮತ್ತೆ ನೋಡಿದಳು.

"ಪೇಪರಲ್ಲಿ ಫೋಟೋ ಬಂದಿತ್ತಲ್ಲ, ಅವರಲ್ವಾ ನೀವು? ಮೇಷ್ಟ್ರು ತೋರಿಸಿದ್ರು." ಆಮೇಲೆ ದನಿ ತಗ್ಗಿಸಿ, "ನಮ್ಮ ಯಜಮಾನ್ರನ್ನ ಸಾಯಿಸಿದ ಹುಡುಗಿ ನೀವೇ ತಾನೆ?" ಎಂದಳು.

ನೂರು ಚೀಲವನ್ನು ಹತ್ತಿರಕ್ಕೆಳೆದುಕೊಂಡಳು.

"ಇವರೇ ನೋಡಿ, ನೀವು ಸಾಯಿಸಿದವರು," ಎಂದು ಮುದುಕಿ ಗಂಡನ ಮೊಣಕೈ ತಿವಿದಳು. ಮುದುಕ ತಿರುಗಿ, ಹಲ್ಲಿಲ್ಲದ ಬಾಯಿ ಬಿಟ್ಟು ಸಣ್ಣಗೆ ನಕ್ಕ. ನಲ್ಲಿ ತಿರುವಿ ತಿರುವಿ ಗಂಟುಗಟ್ಟಿದ ಬೆರಳುಗಳನ್ನು ಎತ್ತಿ ನಮಸ್ಕಾರ ಹೇಳಿದ.

"ಮೂವತ್ತು ವರ್ಷದಿಂದ ನಮ್ಮನೇಲಿ ಇದೇ ತಮಾಷೆ," ಎಂದ. "ನನಗೆ ಜ್ವರ ಬಂದ್ರೆ ಇವಳು, ಸತ್ತೋರಿಗೆ ಎಂಥಾ ಜ್ವರ ಅಂತಾಳೆ. ಊಟಕ್ಕೆ ಕೂತ್ರೆ, ತೀರಿಹೋದವರಿಗೆ ಇನ್ನೊಂದು ಸೌಟು ಬೇಕಾ ಅಂತ ಕೇಳ್ತಾಳೆ. ಒಳ್ಳೇದೇ ಆಯ್ತು ಬಿಡಿ, ಒಂದು ಸಲ ಸತ್ತಿದ್ದಕ್ಕೆ ಆಯಸ್ಸು ಗಟ್ಟಿಯಾಯ್ತು."

"ತಪ್ಪಾಯ್ತು," ಎಂದಳು ನೂರು.

"ಅಯ್ಯೋ, ಅದಕ್ಕೇನು. ನಕ್ಕಿದ್ದೀವಲ್ಲ." ಮುದುಕಿ ಕುರ್ಚಿಯಲ್ಲಿ ಪೂರ್ತಿ ಇತ್ತ ತಿರುಗಿ ಕೂತಳು. ತಮಾಷೆಯ ದನಿ ಹೋಗಿತ್ತು. "ಆವತ್ತು ಕಾಯ್ದಿದ್ದು ಮಾತ್ರ ಮರೆತಿಲ್ಲ ನೋಡಿ. ಮೇಷ್ಟ್ರು, ಒಬ್ಬಳು ಹುಡುಗಿ ಬರ್ತಾಳೆ, ಬಹಳ ಬುದ್ಧಿವಂತೆ, ನಿಮ್ಮ ಮಾತು ಬರೆದುಕೊಳ್ತಾಳೆ ಅಂದಿದ್ರು. ವಾರವೆಲ್ಲ ಅದೇ ಯೋಚನೆ. ಒರೆಸುವಾಗ ಬಾಯಲ್ಲೇ ಹೇಳಿಕೊಂಡು ನೋಡ್ತಿದ್ದೆ, ಇದು ಹೇಳ್ಲಾ, ಅದು ಹೇಳ್ಲಾ ಅಂತ. ಶುಕ್ರವಾರ ಮನೆಯಿಂದ ಒಳ್ಳೆ ಬಟ್ಟೆ ತಂದು ಹಾಕ್ಕೊಂಡು, ಎರಡು ಕುರ್ಚಿ ಒರೆಸಿ ಎದುರುಬದುರು ಇಟ್ಟು ಕೂತೆ. ನಾಲ್ಕರಿಂದ ಆರೂವರೆ ತನಕ."

"ಎರಡನೇ ಸಲಾನೂ ಕಾದ್ಲು," ಎಂದ ಮುದುಕ.

"ಅದು ಬಿಡಿ," ಎಂದಳು ಮುದುಕಿ.

ಮಾತು ಬೇರೆ ಕಡೆ ಹೊರಳಲಿ ಎಂದು ನೂರು, "ಹೇಗೆ ಬಂದ್ರಿ ಇಲ್ಲಿಗೆ?" ಎಂದು ಕೇಳಿದಳು. ಕೇಳಬಾರದಿತ್ತು.

"ಬಸ್ಸಲ್ಲಿ. ಮೊದಲು ನಮ್ಮ ಬೀದಿಯಿಂದ ನೇರ ಇತ್ತು. ಈಗ ಎರಡು ಬದಲಾಯಿಸಬೇಕು. ಮಧ್ಯಾಹ್ನ ಗಂಟೆಗೊಂದೇ. ಅದಕ್ಕೇ ಇಷ್ಟು ತಡ," ಎಂದ ಮುದುಕ.

ಅದು ಯಾವ ಬಸ್ಸು ಎಂದು ನೂರುಗೆ ಗೊತ್ತಿತ್ತು. ಅವಳ ವಿಧಾನದಲ್ಲಿ ಪ್ರತಿಯೊಬ್ಬರ ಕಾಯುವ ನಿಮಿಷಕ್ಕೂ ಒಂದು ತೂಕವಿದೆ. ಬೆಳಿಗ್ಗೆ ಕಾರಿನಲ್ಲಿ ಕಚೇರಿಗೆ ಹೋಗುವವರ ನಿಮಿಷಕ್ಕೆ ಪೂರ್ತಿ ತೂಕ. ಮಧ್ಯಾಹ್ನದ ಬಸ್ಸಿನವರ ನಿಮಿಷಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ವರದಿಯಲ್ಲಿ ಕಾರಣವನ್ನೂ ಬರೆದಿದ್ದಳು: 'ಈ ಹೊತ್ತಿನ ಪ್ರಯಾಣಿಕರಿಗೆ ಅವಸರವಿರುವುದಿಲ್ಲ.' ಯಾರನ್ನೂ ಕೇಳಿರಲಿಲ್ಲ. ಇಂಥವರದು ಗೊತ್ತಿಲ್ಲದ್ದೇ ಎಂದುಕೊಂಡು ಒಂದು ಮಧ್ಯಾಹ್ನ ಕೂತು ಬರೆದ ವಾಕ್ಯ ಅದು. ಬಹುಶಃ ಹತ್ತು ನಿಮಿಷ ಹಿಡಿದಿರಬೇಕು.

*

ಮೊದಲು ಜಾಣರ ಶಾಲೆಯ ಈಗಿನ ಪ್ರಾಂಶುಪಾಲರು ಮಾತಾಡಿದರು. ಮೇಷ್ಟ್ರನ್ನು ಅವರು ನೋಡಿರಲಿಲ್ಲ. ಸರಳ ಜೀವಿ, ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ ಎಂದು ಹೇಳಿ ಗಡಿಯಾರ ನೋಡಿಕೊಂಡು ಕೂತರು. ಆಮೇಲೆ ನೂರುವನ್ನು ಕರೆದರು, ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯೆ ಎಂದು.

ಅವಳು ಮೈಕಿನ ಮುಂದೆ ನಿಂತಳು. ಎಡಗಡೆ ಶವಪೆಟ್ಟಿಗೆಯಲ್ಲಿ ಮೇಷ್ಟ್ರು ಮಲಗಿದ್ದರು. ಬೂಟು ಹೊಳೆಯುತ್ತಿತ್ತು. ನಿನ್ನೆ ಬರೆದುಕೊಂಡ ಭಾಷಣ ಅವಳ ಕೈಯಲ್ಲಿತ್ತು.

"ಮೇಷ್ಟ್ರು ನಮಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು," ಎಂದು ಓದಿದಳು. "ಅವರ ತರಗತಿ ಎಂದರೆ ನಮಗೆಲ್ಲ..."

ಅಲ್ಲಿಗೆ ನಿಲ್ಲಿಸಿದಳು. ಸತ್ತುಹೋಗಿದ್ದ ಮುದುಕ ಸರಿಯಾಗಿ ಕೇಳಿಸಲಿ ಎಂದು ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿ ಕೂತಿದ್ದ. ಅವನು ಒಂದು ಮಾತನ್ನೂ ಬಿಡಬಾರದೆಂದು ಕೇಳುತ್ತಿದ್ದ. ಅವನ ಮುಂದೆ ಆ ವಾಕ್ಯವನ್ನು ಮುಗಿಸಲು ಅವಳಿಂದ ಆಗಲಿಲ್ಲ.

ಭಾಷಣವನ್ನು ಮಡಿಸಿಟ್ಟು ಚೀಲ ತೆರೆದಳು. ಜಿಪ್ಪಿನ ಸದ್ದು ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು.

"ಇದು ಒಂದು ಅರ್ಜಿ," ಎಂದಳು. "ಮಾನವಿಕ ವಿಷಯಗಳ ಪಾಠ ನಿಲ್ಲಿಸಿ ಅಂತ ಬರೆದಿದ್ದು. ಇದರಿಂದಲೇ ಅದು ನಿಂತಿದ್ದು. ಇದರಲ್ಲಿ ಹೀಗಿದೆ. 'ಪ್ರತಿಭಾವಂತರ ಒಂದು ಗಂಟೆಯ ಬೆಲೆ ಸಾಮಾನ್ಯರ ಒಂದು ಗಂಟೆಗಿಂತ ಹೆಚ್ಚು.' ಪಕ್ಕದಲ್ಲಿ ಮೇಷ್ಟ್ರು ಕೆಂಪು ಶಾಯೀಲಿ ಕೇಳಿದಾರೆ, ಯಾರು ಹೇಳಿದ್ದು ಅಂತ."

ಅವಳು ಹಾಳೆಯನ್ನು ಕೆಳಗಿಳಿಸಿದಳು.

"ನಾನು, ಸಾರ್."

ಅವಳು ಅದನ್ನು ಜನರಿಗೆ ಹೇಳಲಿಲ್ಲ. ಎಡಕ್ಕೆ ತಿರುಗಿ ಹೇಳಿದಳು. ಮೈಕು ಇನ್ನೊಂದು ಕಡೆಗಿದ್ದುದರಿಂದ ಹಿಂದಿನ ಸಾಲಿನವರಿಗೆ ಕೇಳಿಸಿತೋ ಇಲ್ಲವೋ. ಬೇಕರಿಯವಳಿಗೆ ಕೇಳಿಸಿತು. ಅವಳು ತಲೆಯೆತ್ತಿ ನೂರುವನ್ನು ನೋಡಿ, ಆಮೇಲೆ ತನ್ನ ತೋಳಿನ ಹಿಟ್ಟನ್ನು ಕೆರೆಯತೊಡಗಿದಳು. ಪ್ರಾಂಶುಪಾಲರು ಕೆಮ್ಮಿದರು. ಸಭಾಂಗಣದ ಸಿಬ್ಬಂದಿಯೊಬ್ಬ ಬಾಗಿಲಲ್ಲಿ ಇಣುಕಿ ಐದು ಬೆರಳು ತೋರಿಸಿದ. ಐದು ನಿಮಿಷ ಉಳಿದಿದೆ ಎಂದು. ಅಷ್ಟೇ ಆದದ್ದು. ಮೂವತ್ತಮೂರು ವರ್ಷ ಹೆದರಿದ್ದು ಇಷ್ಟಕ್ಕೇ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟೇ ಸುಲಭವಿತ್ತೆಂದರೆ ಆವತ್ತೇ ಏಳಬಹುದಿತ್ತಲ್ಲ ಎನಿಸಿ ನಾಚಿಕೆ ಇನ್ನೂ ಹೆಚ್ಚಾಯಿತು.

ಶವಪೆಟ್ಟಿಗೆ ಒಳಗೆ ಹೋದ ಮೇಲೆ ಮೇಷ್ಟ್ರ ಹೆಂಡತಿ ಬೂಟುಗಳನ್ನು ಎದೆಗವಚಿಕೊಂಡು ಹೊರಗೆ ಬಂದರು. ನೂರುವಿನ ಎದುರಿಗೆ ಬಂದು ನಿಂತರು.

"ಆ ಕಾಗದ ವಾಪಸ್ ಕೊಡಿ. ಅದು ಅವರ ರಟ್ಟಿನ ಪೆಟ್ಟಿಗೆಯದು."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ತಳದ ತನಕ ನೋಡಿದ್ರಾ ಅಂತ ಕೇಳಿದ್ನಾ?" ಅವರ ದನಿ ಗಡುಸಾಗಿಯೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. "ಬರೆದಿದ್ದು ಯಾರು ಅಂತ ಓದಿದ ಕೂಡಲೇ ಅವರಿಗೆ ಗೊತ್ತಾಗಿತ್ತು. ಅಷ್ಟು ಚೆನ್ನಾಗಿ ಬರೆಯೋರು ಇನ್ಯಾರಿದ್ರು? ಅವರು ಹೊಟ್ಟೆಗೆ ಹಾಕ್ಕೊಂಡ್ರು. ಪೇಪರಲ್ಲಿ ಅವರ ಮಾತು ಬಂದಾಗ, ನೋಡು, ಅರ್ಧ ದಾರಿ ಬಂದಿದಾಳೆ ಅಂದ್ರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಮೆಟ್ಟಿಲ ಕೆಳಗಿನ ಕೋಣೆ ತಂಡಿ ಇತ್ತು, ಅವರ ಕೆಮ್ಮು ಶುರುವಾಗಿದ್ದೇ ಅಲ್ಲಿ." ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟರು. "ಕೆಳಗೆ ಹೆಸರು ಹಾಕಿ ಕೊಡಿ."

ನೂರು ಗೋಡೆಗೆ ಹಾಳೆ ಒತ್ತಿ ಹಿಡಿದು ಹೆಸರು ಬರೆದಳು. ಅಡ್ಡಹೆಸರಲ್ಲ, ಪೂರ್ತಿ ಹೆಸರು. ಮೇಷ್ಟ್ರ ಹೆಂಡತಿ ಓದಿ ನೋಡಿ, ಮಡಿಸಿ, ಬೂಟಿನೊಳಗೆ ಇಟ್ಟುಕೊಂಡು ಹೋದರು.

ಮುದುಕ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. ಮುದುಕಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ನೂರು ಅವಳ ಹಿಂದೆ ಹೋದಳು.

"ನಿಮ್ಮ ಬಸ್ಸಿಗೆ ಇನ್ನೂ ಐವತ್ತು ನಿಮಿಷ ಇದೆ," ಎಂದಳು. "ಆವತ್ತು ಹೇಳಬೇಕು ಅಂದುಕೊಂಡಿದ್ದನ್ನ ಈಗ ಹೇಳ್ತೀರಾ? ನಾನು ಬರೆದುಕೊಳ್ತೀನಿ."

ಮುದುಕಿ ಮೆಟ್ಟಿಲ ಮೇಲೆ ನಿಂತು ಅವಳ ಕಡೆ ತಿರುಗಿದಳು.

"ಆವತ್ತು ಹೇಳೋದು ಬಹಳ ಇತ್ತಮ್ಮ. ಈಗ ಎಷ್ಟೋ ಮರೆತೇ ಹೋಗಿದೆ." ಸೆರಗಲ್ಲಿ ಮುಖ ಒರೆಸಿಕೊಂಡಳು. "ನೋಡೋಣ. ಮೇಷ್ಟ್ರ ಮನೆಯವರನ್ನ ಮಾತಾಡಿಸಿ ಬರ್ತೀನಿ."

"ಅವಳು ಮಾತಿಗೆ ನಿಂತ್ರೆ ಹೊತ್ತು ಹೋಗಿದ್ದು ಗೊತ್ತಾಗಲ್ಲ," ಎಂದ ಮುದುಕ. "ಬಂದ್ರೂ ಬಂದ್ಲು, ಇಲ್ದಿದ್ರೂ ಇಲ್ಲ. ನೀವು ಹೊರಡಿ, ನಿಮಗೆ ಕೆಲಸ ಇರುತ್ತೆ." ಅವನೂ ಹೆಂಡತಿಯ ಹಿಂದೆ ನಿಧಾನ ಹೊರಟ.

ಮೂರು ಗಂಟೆಗೆ ಸಭೆಯಿತ್ತು. ಡ್ರೈವರು ಗೇಟಿನ ಬಳಿ ಕಾರಿನ ಬಾಗಿಲು ತೆಗೆದು ನಿಂತಿದ್ದ. ನೂರು ಅವನಿಗೆ ಬೇಡವೆಂದು ಕೈ ಸನ್ನೆ ಮಾಡಿ, ಒಳಗಿನಿಂದ ಎರಡು ಕುರ್ಚಿ ಎತ್ತಿಕೊಂಡು ಬಂದು ಜಗುಲಿಯಲ್ಲಿ ಎದುರುಬದುರು ಇಟ್ಟಳು. ಎರಡನ್ನೂ ಅಂಗೈಯಿಂದ ಒರೆಸಿದಳು. ಒಂದರಲ್ಲಿ ಕೂತು, ನಿನ್ನೆಯ ಭಾಷಣವನ್ನು ತೊಡೆಯ ಮೇಲೆ ಮಗುಚಿ ಹಾಕಿ, ಅದರ ಖಾಲಿ ಬೆನ್ನನ್ನು ನೇರ ಮಾಡಿಕೊಂಡಳು. ಒಳಗೆ ಮುಂದಿನವರ ಮಾತು ಶುರುವಾಯಿತು. ಮುಗಿಯುತ್ತಲೂ ಬಂತು. ರಸ್ತೆಯಾಚೆ ಬಸ್ಸೊಂದು ಬಂದು ನಿಂತು, ಹೊರಟುಹೋಯಿತು. ಅದರಲ್ಲಿ ಯಾರು ಹತ್ತಿದರೆಂದು ಇಲ್ಲಿಂದ ಕಾಣಿಸಲಿಲ್ಲ.

ಸಿಬ್ಬಂದಿಯವನು ಕುರ್ಚಿ ಮಡಚುತ್ತ ಜಗುಲಿಗೆ ಬಂದ.

"ಇದು ತೆಗೀಬಹುದಾ ಮೇಡಂ?" ಎಂದು ಎದುರಿನ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟ.

"ಬೇಡ," ಎಂದಳು ನೂರು. "ಒಬ್ರು ಬರೋರಿದ್ದಾರೆ."